ಮೊದಲು ಮನೆಯ ಮೋಲ್ಡ್, ಆಮೇಲೆ ಶೆಟ್ಟಿಹಳ್ಳಿ ಚರ್ಚು

ಕಟ್ಟಡ ಹಾಳಾಗುವ ಬಗೆಯನ್ನು ಕಂಪ್ಯೂಟರಿನಲ್ಲಿ ತೋರಿಸುವ ಪ್ರಾಜೆಕ್ಟ್ ಎಂದರೆ ಹಾಸನದ ಕಡೆಯ ಸಿವಿಲ್ ವಿದ್ಯಾರ್ಥಿಗಳಿಗೆ ಶೆಟ್ಟಿಹಳ್ಳಿ ಚರ್ಚೇ ನೆನಪಾಗುತ್ತದೆ. ಗೊರೂರು ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಮೊದಲಿಗೇ ಅದು ಬೇಡ. ಆ ಹಳೆಯ ಇಟ್ಟಿಗೆ-ಗಾರೆಯ ಬಲ ನಿಮಗೆ ಗೊತ್ತಿಲ್ಲ. ಊಹೆಯ ಅಂಕಿ ಕೊಟ್ಟರೂ ಸಾಫ್ಟ್‌ವೇರ್ ಬಣ್ಣದ ಚಿತ್ರ ಬಿಡಿಸಿಕೊಡುತ್ತದೆ, ಅಷ್ಟೇ. ಹೊಳೆನರಸೀಪುರದ ಹಳೆ ಬೀದಿಗಳಲ್ಲಿ ಸುತ್ತಿ. ಸೀಲಿಂಗ್ ಉದುರಿ ಕಂಬಿ ಕಾಣುವ ಮೋಲ್ಡ್ ಸಿಕ್ಕರೆ ಅದೇ ನಿಮ್ಮ ಪ್ರಾಜೆಕ್ಟ್.

ಕಂಪ್ಯೂಟರ್ ಮುಟ್ಟುವ ಮೊದಲು ಕೈಲೆಕ್ಕ. ಹೊಸದಾಗಿ ಒಡೆದ ಕಾಂಕ್ರೀಟ್ ಮೇಲೆ ಫಿನಾಲ್ಫ್ತಲೀನ್ ಚಿಮುಕಿಸಿ. ಗುಲಾಬಿಯಾದ ಭಾಗದಲ್ಲಿ ಕಂಬಿಗೆ ರಕ್ಷಣೆ ಇನ್ನೂ ಇದೆ, ಬಣ್ಣ ಬಾರದ ಭಾಗದೊಳಗೆ ಇಂಗಾಲದ ಡೈಆಕ್ಸೈಡ್ ಇಳಿದಾಗಿದೆ. ಈ ಆಳ ವರ್ಷಗಳ ವರ್ಗಮೂಲದಂತೆ ಬೆಳೆಯುತ್ತದೆ. 25 ವರ್ಷಕ್ಕೆ 15 ಮಿ.ಮೀ. ಇಳಿದಿದ್ದರೆ 20 ಮಿ.ಮೀ. ಕವರ್ ದಾಟಲು ಸುಮಾರು 44 ವರ್ಷ ಬೇಕು. ನೇರ ಗೆರೆ ಎಳೆದು 33 ಎನ್ನುವವರೇ ಹೆಚ್ಚು.

ಈಗ ಮಾದರಿ. ಅಬಾಕಸ್ (Abaqus) ಸಾಫ್ಟ್‌ವೇರಿನ ಉಚಿತ ಲರ್ನಿಂಗ್ ಎಡಿಷನ್‌ಗೆ 1,000 ನೋಡ್‌ಗಳ ಮಿತಿಯಿದೆ. ಆದ್ದರಿಂದ 3 ಮೀಟರ್ ಉದ್ದ, 120 ಮಿ.ಮೀ. ದಪ್ಪದ ಮೋಲ್ಡ್ ಪಟ್ಟಿಯ ಅರ್ಧವನ್ನಷ್ಟೇ ಎರಡು ಆಯಾಮದಲ್ಲಿ ಬರೆಯಿರಿ. ಅಳತೆ ನ್ಯೂಟನ್, ಮಿ.ಮೀ.ನಲ್ಲಿರಲಿ, ಐಎಸ್ 456ರ ಪ್ರಕಾರ ಎಂ-25 ಕಾಂಕ್ರೀಟಿನ ಸ್ಥಿತಿಸ್ಥಾಪಕತೆ 25,000 ಎಂಪಿಎ. ಕಂಬಿ, ಆಧಾರ, ಭಾರ ಕೊಡುವುದು ನಿಮಗೆ ಗೊತ್ತಿರುವುದೇ.

ಎಲ್ಲರೂ ಎಡವುವುದು ಇಲ್ಲಿ. "ಮೆಶ್ ಸಣ್ಣಗಾದಷ್ಟೂ ಉತ್ತರ ಸರಿ" ಎಂದು ತರಗತಿಯಲ್ಲಿ ಕಲಿತಿರುತ್ತೀರಿ. ವಸ್ತು ಹಾಳಾಗುವ ಲೆಕ್ಕಕ್ಕೆ ಆ ಮಾತು ಹೊಂದುವುದಿಲ್ಲ. ಬಿರುಕು ಬಿಟ್ಟ ಮೇಲೆ ಎಳೆತವೆಲ್ಲ ಒಂದೇ ಸಾಲು ಎಲಿಮೆಂಟಿಗೆ ಸೇರಿಬಿಡುತ್ತದೆ. 0.001 ಸ್ಟ್ರೇನ್‌ಗೆ ಬಲ ಸೊನ್ನೆ ಎಂದು ಕೊಟ್ಟಿದ್ದೀರೆನ್ನಿ. 30 ಮಿ.ಮೀ. ಎಲಿಮೆಂಟಿನಲ್ಲಿ ಬಿರುಕು 0.03 ಮಿ.ಮೀ. ತೆರೆದಾಗ ಕೈಬಿಟ್ಟರೆ, 15ರದ್ದರಲ್ಲಿ 0.015ಕ್ಕೇ ಕೈಬಿಡುತ್ತದೆ. ಒಡೆಯಲು ಬೇಕಾದ ಶಕ್ತಿ ಅರ್ಧವಾಯಿತು, ಕಾಂಕ್ರೀಟ್ ಮಾತ್ರ ಅದೇ! ಮೆಶ್ ಸಣ್ಣ ಮಾಡುತ್ತಾ ಹೋದರೆ ಮೋಲ್ಡಿನ ಕಾಂಕ್ರೀಟ್ ಪುಕ್ಕಟೆಯಾಗಿ ಒಡೆಯುತ್ತದೆ. ರಾತ್ರಿಯಿಡೀ ಓಡಿಸಿದ ಇಂಥ ಲೆಕ್ಕಗಳನ್ನು ಬೈಂಡ್ ಮಾಡಿಸಿ ತಂದವರನ್ನು ನೋಡಿದ್ದೇನೆ.

ಆದ್ದರಿಂದ ಟೆನ್ಷನ್ ಸ್ಟಿಫನಿಂಗ್ ಕೋಷ್ಟಕದಲ್ಲಿ ಸ್ಟ್ರೇನ್ ಬಿಟ್ಟು ಜಿಎಫ್‌ಐ ಆರಿಸಿ, ಒಡೆಯುವ ಶಕ್ತಿಯನ್ನೇ ಕೊಡಿ. ಆರಂಭಕ್ಕೆ ಮಿಲಿಮೀಟರಿಗೆ 0.1 ನ್ಯೂಟನ್ ಇರಲಿ. ಎಳೆತದ ಬಲ 2.5 ಎಂಪಿಎ ಆದರೆ ಬಿರುಕು 0.08 ಮಿ.ಮೀ. ಆದಾಗ ಹಿಡಿತ ತಪ್ಪುತ್ತದೆ. 30 ಮತ್ತು 20 ಮಿ.ಮೀ. ಮೆಶ್‌ಗಳಲ್ಲಿ ಓಡಿಸಿ, ಭಾರಕ್ಕೆ ಮೋಲ್ಡ್ ಬಾಗುವ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಹೊಂದದಿದ್ದರೆ ಮುಂದೆ ಹೋಗಬೇಡಿ.

ಇನ್ನು ತುಕ್ಕು. 10 ಮಿ.ಮೀ. ಕಂಬಿ 9 ಆದರೆ ಅಡ್ಡಕೊಯ್ತದ ವಿಸ್ತೀರ್ಣ 78.5ರಿಂದ 63.6 ಚದರ ಮಿ.ಮೀ.ಗೆ, ಅಂದರೆ ಶೇ 19ರಷ್ಟು ಇಳಿಯುತ್ತದೆ. ಎರಡನ್ನೂ ಓಡಿಸಿ ಹೋಲಿಸಿ. ತುಕ್ಕು ಉಬ್ಬಿ ಕವರ್ ಸಿಡಿಯುವುದು ಈ ಮಾದರಿಯಲ್ಲಿ ಬರುವುದಿಲ್ಲ, ವರದಿಯಲ್ಲಿ ಹಾಗೆಂದೇ ಬರೆಯಿರಿ. ಲೆಕ್ಕ ನಡುವೆ ನಿಂತರೆ ಭಾರ ಏರಿಸುವ ಹೆಜ್ಜೆ ಚಿಕ್ಕದು ಮಾಡಿ. ಕಾಂಕ್ರೀಟಿನ ಬಲ ಏರಿಸಬೇಡಿ.