ಬಾಯಿ ಸಪ್ಪಗಾದರೆ ಜಿಂಕ್ ಮಾತ್ರೆ ಸಾಕೇ?

ಪ್ರಶ್ನೆ: ಡಾಕ್ಟರೇ, ನಮ್ಮ ಅತ್ತೆಯವರಿಗೆ 62 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡಕ್ಕೂ ಮಾತ್ರೆ ನುಂಗುತ್ತಾರೆ. ನಾಲ್ಕು ತಿಂಗಳಿಂದ ಬಾಯಿಗೆ ಏನೂ ರುಚಿ ಹತ್ತುತ್ತಿಲ್ಲ ಅಂತಾರೆ. ಪುಂಡಿಪಲ್ಯವೂ ಸಪ್ಪ, ಹೋಳಿಗೆಯೂ ಸಪ್ಪ. ತಾಟಿಗೆ ಉಪ್ಪು ಸುರಿದುಕೊಳ್ಳುತ್ತಾರೆ, ‘ನಿನ್ನ ಕೈಯಡಿಗಿ ಕೆಟ್ಟೈತಿ’ ಅಂತ ನನ್ನ ಮೇಲೆ ಸಿಟ್ಟು. ಔಷಧ ಅಂಗಡಿಯವರು ಕೊಟ್ಟ 50 ಮಿ.ಗ್ರಾಂ ಜಿಂಕ್ ಮಾತ್ರೆ ಎರಡು ತಿಂಗಳಿಂದ ನಡೆದಿದೆ, ಗುಣ ಕಂಡಿಲ್ಲ. ದಿನಕ್ಕೆ ಎರಡು ಕೊಡಲೇ? ಕಮಲಾಪುರದ ಕೆಂಪು ಬಾಳೆಹಣ್ಣು ತಿಂದರೆ ರುಚಿ ಬರುತ್ತದಂತೆ, ಹೌದೇ?
– ಒಬ್ಬ ಸೊಸೆ, ರೋಜಾ, ಕಲಬುರಗಿ

ಉತ್ತರ: ತಂಗಿ, ಮೊದಲಿಗೆ ಎರಡನೇ ಮಾತ್ರೆಯ ವಿಚಾರ ಬಿಡಿ. ಐಸಿಎಂಆರ್ 2020ರ ಶಿಫಾರಸಿನಂತೆ ಹೆಂಗಸರಿಗೆ ದಿನಕ್ಕೆ ಬೇಕಾದ ಜಿಂಕ್ ಸುಮಾರು 13 ಮಿ.ಗ್ರಾಂ, ಮೀರಬಾರದ ಮಿತಿ 40. ಅತ್ತೆಯವರು ಈಗಾಗಲೇ ಅದನ್ನು ದಾಟಿದ್ದಾರೆ. ಹೆಚ್ಚಿನ ಜಿಂಕ್ ಬಹುಕಾಲ ಹೊಟ್ಟೆಗೆ ಹೋದರೆ ಮೈಗೆ ತಾಮ್ರ ಹತ್ತುವುದಿಲ್ಲ. ರಕ್ತಹೀನತೆ, ಕೈಕಾಲು ಜೋಮು ಶುರುವಾಗುತ್ತದೆ.

ಜಿಂಕ್‌ಗೂ ನಾಲಿಗೆಗೂ ನಂಟಿರುವುದು ನಿಜ. ರುಚಿಮೊಗ್ಗುಗಳ ಕೋಶಗಳು ಹತ್ತು ದಿನಕ್ಕೊಮ್ಮೆ ಹೊಸದಾಗುತ್ತವೆ, ಆ ಕೆಲಸಕ್ಕೆ ಜಿಂಕ್ ಬೇಕು. ಮನುಷ್ಯರಲ್ಲಿ ಜಿಂಕ್ ಕೊರತೆಯನ್ನು ಮೊದಲು ಗುರುತಿಸಿದವರು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್, 1961ರಲ್ಲಿ, ಇರಾನಿನಲ್ಲಿ. ಆದರೆ ಕೊರತೆ ಇದ್ದವರಿಗಷ್ಟೇ ಮಾತ್ರೆಯ ಫಲ. ಅಮೆರಿಕದ ರಾಬರ್ಟ್ ಹೆಂಕಿನ್ 1976ರಲ್ಲಿ ರುಚಿ, ವಾಸನೆ ಕೆಟ್ಟವರಿಗೆಲ್ಲ ಜಿಂಕ್ ಕೊಟ್ಟು ನೋಡಿದರು. ಔಷಧವಿಲ್ಲದ ಹುಸಿಮಾತ್ರೆಗಿಂತ ಅದು ಮೇಲಾಗಲಿಲ್ಲ.

ಹಾಗಾದರೆ ಅತ್ತೆಯವರ ರುಚಿ ಹೋದದ್ದು ಎಲ್ಲಿಂದ? ಮನೆಯಲ್ಲೇ ನೋಡಿ. ಕಣ್ಣು ಮುಚ್ಚಿಸಿ, ನಾಲಿಗೆಯ ಮೇಲೆ ಬೆಲ್ಲದ ನೀರು, ಉಪ್ಪುನೀರು, ಹುಣಸೆ ರಸ, ಹಾಗಲಕಾಯಿ ರಸ ಒಂದೊಂದು ಹನಿ ಬಿಡಿ. ನಡುನಡುವೆ ಬಾಯಿ ಮುಕ್ಕಳಿಸಲಿ. ನಾಲ್ಕನ್ನೂ ಸರಿಯಾಗಿ ಹೇಳಿದರೆ ನಾಲಿಗೆ ಚೆನ್ನಾಗಿದೆ, ಕೆಟ್ಟಿರುವುದು ಮೂಗು. ಬೆಳ್ಳುಳ್ಳಿ ಒಗ್ಗರಣೆಯ ಘಮ ಬಾರದಿದ್ದರೆ ಪುಂಡಿಪಲ್ಯ ಬರೀ ಹುಳಿ. ಹಳೆಯ ನೆಗಡಿಯಿಂದಲೂ ಕೊರೋನಾದಿಂದಲೂ ಹೀಗಾಗುತ್ತದೆ.

ನಾಲ್ಕೂ ತಿಳಿಯದಿದ್ದರೆ ಬಾಯಿ ನೋಡಿ: ಬಿಳಿ ಪದರ, ಒಣಗಿದ ನಾಲಿಗೆ, ಕೊಳೆತ ಹಲ್ಲು, ತಂಬಾಕಿನ ಚಟ ಇದೆಯೇ? ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಾಯಲ್ಲಿ ಲೋಹದ ರುಚಿ ತರಬಹುದು, ಬಿ12 ಕೊರತೆಗೂ ದಾರಿಯಾಗಬಹುದು. ಬಿಪಿಯ ಕೆಲವು ಮಾತ್ರೆಗಳೂ ರುಚಿ ಕೆಡಿಸುತ್ತವೆ. ಹಾಗೆಂದು ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಬದಲಿಸುವುದು ವೈದ್ಯರ ಕೆಲಸ.

ಕೆಂಪು ಬಾಳೆ ರುಚಿಯಾದ ಹಣ್ಣು, ಆದರೆ ಅದರಲ್ಲಿ ಜಿಂಕ್ ತೀರಾ ಕಡಿಮೆ, ಸಕ್ಕರೆ ಜಾಸ್ತಿ. ಅದಕ್ಕಿಂತ ನಿಮ್ಮ ಅಡಿಗೆಮನೆಯ ಎಳ್ಳು ಮೇಲು: 100 ಗ್ರಾಂನಲ್ಲಿ 7 ಮಿ.ಗ್ರಾಂಗೂ ಹೆಚ್ಚು ಜಿಂಕ್ ಇದೆ. ಜೋಳದ ರೊಟ್ಟಿಯಲ್ಲಿರುವ ಫೈಟೇಟ್ ಎಂಬ ಅಂಶ ಜಿಂಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಾಗಿ ರೊಟ್ಟಿ ಬಿಡುವುದು ಬೇಡ. ಜೊತೆಗೆ ಮೊಳಕೆ ಬರಿಸಿದ ಹೆಸರು, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇರಲಿ. ತಿನ್ನುವವರಾದರೆ ತತ್ತಿ, ಮಟನ್ ಇನ್ನೂ ಒಳ್ಳೆಯದು. ಉಪ್ಪಿನ ಬದಲು ನಿಂಬೆಹಣ್ಣು, ಜೀರಿಗೆ, ಕೊತ್ತಂಬರಿ ಕೈಗೆ ಸಿಗುವಂತಿಡಿ. ಬಿಪಿ ಇರುವವರ ತಾಟಿನ ಉಪ್ಪು ಜಿಂಕ್‌ಗಿಂತ ಹೆಚ್ಚಿನ ಚಿಂತೆಯ ವಿಷಯ.

ಈ ವಾರವೇ ಎಲ್ಲ ಮಾತ್ರೆಗಳ ಪಟ್ಟಿ ಹಿಡಿದು ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಸಕ್ಕರೆ, ಬಿ12, ಥೈರಾಯ್ಡ್, ಕಿಡ್ನಿ ಪರೀಕ್ಷೆ ಆಗಲಿ. ಜಿಂಕ್ ಮುಂದುವರಿಸಬೇಕೇ, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಲಿ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಅತ್ತೆಯವರ ಸಿಟ್ಟನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೆಟ್ಟಿರುವುದು ನಿಮ್ಮ ಕೈಯಡಿಗೆಯಲ್ಲ.