ಗಿಟಾರಿನ ಸೊಲ್ಲು: ಯಾವುದು ದೊಡ್ಡದು, ಯಾಕೆ ದೊಡ್ಡದು?

ಕನ್ನಡ ಸಾಹಿತ್ಯದ ಪತ್ರಿಕೆಯಲ್ಲಿ ಗಿಟಾರಿಗೇನು ಕೆಲಸ ಎಂದು ಕೆಲವರು ಕೇಳಬಹುದು. ಕೇಳಲಿ. ಯಾವ ವಚನ ದೊಡ್ಡದು, ಯಾವ ಕಾದಂಬರಿ ದೊಡ್ಡದು ಎಂದು ನಾವು ಕೂತಲ್ಲಿ ನಿಂತಲ್ಲಿ ಜಗಳ ಆಡುತ್ತೇವಲ್ಲ, ಆ 'ದೊಡ್ಡದು' ಎಂಬ ಮಾತಿಗೆ ಅಳತೆಗೋಲು ಯಾವುದು? ಈ ಪ್ರಶ್ನೆ ನನಗೆ ಸರಿಯಾಗಿ ಎದುರಾದದ್ದು ಸಾಹಿತ್ಯದ ತರಗತಿಯಲ್ಲಲ್ಲ, ರಾಕ್ ಸಂಗೀತದ ಒಂದು ವಾದದಲ್ಲಿ, ಅದೂ ಕಲ್ಕತ್ತೆಯಲ್ಲಿ. ಆ ವಾದವನ್ನು ಇಲ್ಲಿ ಆದಷ್ಟು ಬಿಡಿಸಿ ಹೇಳುತ್ತೇನೆ.

ಮೊದಲು ಮಾತಿನ ಅರ್ಥ ನೋಡೋಣ. ರಾಕ್ ಹಾಡಿನಲ್ಲಿ ಗಿಟಾರು ಒಂದು ಚಿಕ್ಕ ಸ್ವರಗುಚ್ಛವನ್ನು ಹಿಡಿದು ಅದನ್ನೇ ಮತ್ತೆ ಮತ್ತೆ ನುಡಿಸುತ್ತದೆ. ಎರಡು ಸೆಕೆಂಡಿನದಿರಬಹುದು, ಎಂಟು ಸೆಕೆಂಡಿನದಿರಬಹುದು. ಹಾಡುವವನು ಬಾಯಿ ತೆರೆಯುವ ಮೊದಲೇ ಅದು ಬಂದಿರುತ್ತದೆ, ಅವನು ಉಸಿರು ತೆಗೆದುಕೊಳ್ಳುವಾಗ ಮತ್ತೆ ಬರುತ್ತದೆ. ಇದಕ್ಕೆ ರಿಫ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ? ಪಲ್ಲವಿ ಅಂದರೆ ಮಾತು ಜೊತೆಗೆ ಬಂದುಬಿಡುತ್ತದೆ, ರಿಫ್‌ಗೆ ಮಾತಿಲ್ಲ. ಶ್ರುತಿ ಅಂದರೆ ತಂಬೂರಿಯ ಹಾಗೆ ಹಿಂದೆ ನಿಂತಿರುವಂಥದ್ದು, ರಿಫ್ ಮುಂದೆ ಬಂದು ಎದೆಗೆ ಗುದ್ದುತ್ತದೆ. ನನಗೆ ಹತ್ತಿರ ಅನ್ನಿಸಿದ್ದು ನಮ್ಮ ಜನಪದರ 'ಸೊಲ್ಲು'. ಮಾದೇಶ್ವರನ ಕತೆ ಹಾಡುವಾಗ ಮುಂದಾಳು ಕತೆಯನ್ನು ಎಳೆದುಕೊಂಡು ಹೋಗುತ್ತಾನೆ, ಹಿಮ್ಮೇಳದವರು ಅದೇ ಸೊಲ್ಲನ್ನು ಎತ್ತುತ್ತಲೇ ಇರುತ್ತಾರೆ. ಕತೆ ಮುಂದೆ ಹೋಗುತ್ತದೆ, ಸೊಲ್ಲು ಅಲ್ಲೇ ಇರುತ್ತದೆ. ಅದರಲ್ಲೂ ಮಾತು ಇದೆಯಲ್ಲ ಎಂದು ನೀವು ಆಕ್ಷೇಪಿಸಬಹುದು. ಇರಲಿ, ಮಾಡುವ ಕೆಲಸ ಒಂದೇ. ಇಲ್ಲಿ ರಿಫ್ ಅಂದರೂ ಸೊಲ್ಲು ಅಂದರೂ ಒಂದೇ ಎಂದುಕೊಳ್ಳಿ.

ಓದಿನ ಕಾರಣಕ್ಕೆ ನಾನು ಎರಡು ವರ್ಷ ಕಲ್ಕತ್ತೆಯಲ್ಲಿದ್ದೆ. (2001ರಿಂದ ಅದರ ಹೆಸರು ಕೋಲ್ಕತ್ತ, ನಮ್ಮ ಬಾಯಿ ಇನ್ನೂ ಹೊರಳಿಲ್ಲ.) ಆ ಊರಿನವರಿಗೆ ಗಿಟಾರು ಪರದೇಶಿ ಅಲ್ಲ. ಪಾರ್ಕ್ ಸ್ಟ್ರೀಟಿನ ಹೋಟೆಲುಗಳಲ್ಲಿ 1960ರ ದಶಕದಲ್ಲೇ ಬ್ಯಾಂಡುಗಳು ನುಡಿಸುತ್ತಿದ್ದವು. ಉಷಾ ಉತ್ತುಪ್ ಸೀರೆಯುಟ್ಟು ಹಾಡಿ ಹೆಸರು ಮಾಡಿದ ಟ್ರಿಂಕಾಸ್ ಇರುವುದು ಅಲ್ಲೇ. ಅದೇ ರಸ್ತೆಯ ಪಾರ್ಕ್ ಹೋಟೆಲಿನಲ್ಲಿ 1994ರಲ್ಲಿ ಶುರುವಾದ ಸಮ್‌ಪ್ಲೇಸ್ ಎಲ್ಸ್ ಎಂಬ ಜಾಗದಲ್ಲಿ ರಾಕ್ ಬ್ಯಾಂಡುಗಳ ಒಂದು ತಲೆಮಾರೇ ಬೆಳೆಯಿತು. ಹಿಂದೆ ಫ್ರೀ ಸ್ಕೂಲ್ ಸ್ಟ್ರೀಟ್ ಎಂದಿದ್ದ ಮಿರ್ಜಾ ಗಾಲಿಬ್ ಸ್ಟ್ರೀಟಿನಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳು. ಲಾಲ್‌ಬಜಾರಿನ ಹತ್ತಿರ ರವೀಂದ್ರ ಸರಣಿಯಲ್ಲಿ ಸಾಲಾಗಿ ವಾದ್ಯದಂಗಡಿಗಳು. ಅಮೆರಿಕದ ಗಿಬ್ಸನ್ ಹೆಸರಿನಲ್ಲಿ ಒಂದಕ್ಷರ ಬದಲಾದಂತಿರುವ 'ಗಿವ್‌ಸನ್' ಗಿಟಾರು ಆ ಊರಿನದೇ. ಇನ್ನು ಕಾಲೇಜ್ ಸ್ಟ್ರೀಟಿನ ಕಾಫಿ ಹೌಸಿನಲ್ಲಿ ಒಂದು ಕಾಫಿಗೆ ಮೂರು ಗಂಟೆ ಕೂರಬಹುದು. ಅದಕ್ಕೆ ಅವರು 'ಅಡ್ಡಾ' ಅನ್ನುತ್ತಾರೆ. ನಮ್ಮ ಹರಟೆಕಟ್ಟೆಯೇ, ಆದರೆ ಹರಟೆಗೆ ಅಷ್ಟು ಶ್ರದ್ಧೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಥ ಅಡ್ಡಾಗಳಲ್ಲಿ ತಿಂಗಳಿಗೊಮ್ಮೆಯಾದರೂ ಈ ವಾದ ಏಳುತ್ತಿತ್ತು: ಜಗತ್ತಿನ ಅತಿ ದೊಡ್ಡ ರಿಫ್ ಯಾವುದು?

ಗಿಟಾರು ಕಲಿಯುತ್ತಿದ್ದವರೆಲ್ಲ ಒಂದು ಕಡೆ. ಅವರ ಪ್ರಕಾರ ನುಡಿಸಲು ಕಷ್ಟವಾದದ್ದೇ ದೊಡ್ಡದು. ಬೆರಳು ಎಷ್ಟು ಓಡುತ್ತದೆ, ಲೆಕ್ಕ ಎಷ್ಟು ಬಿಗಿ, ಅಷ್ಟು ಹಿರಿಮೆ. ನಮ್ಮೊಡನೆ ಧಾರವಾಡದ ಗೆಳೆಯನೊಬ್ಬನಿದ್ದ. ಅವನು ನನ್ನ ಕಡೆ ತಿರುಗಿ, "ಅಲ್ಲಪಾ, ಬೆರಳು ಭಾಳ ಓಡಿದ್ರ ದೊಡ್ಡದು ಅಂದ್ರ, ಕೋರ್ಟಿನ ಮುಂದ ಕೂತ ಟೈಪಿಸ್ಟ ಎಲ್ಲಾರಕಿಂತ ದೊಡ್ಡ ಕವಿ ಆಗಬೇಕಲ್ಲ?" ಅಂದ. ಇದನ್ನು ನಾನು ಬಂಗಾಳಿ ಮಿತ್ರರಿಗೆ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅರ್ಧ ಸಾರ ಸೋರಿಹೋಯಿತು. ಆದರೂ ಮಾತು ನಾಟಿತು.

ಕಷ್ಟದ ಪಕ್ಷದವರು ಪ್ರತಿಸಲ ಕಾರ್ಲ್‌ಟನ್ ಕಿಟ್ಟೊ ಹೆಸರು ತೆಗೆಯುತ್ತಿದ್ದರು. ಕಿಟ್ಟೊ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1942ರಲ್ಲಿ. 1970ರ ದಶಕದಲ್ಲಿ ಕಲ್ಕತ್ತೆಗೆ ಹೋಗಿ ಅಲ್ಲಿಯವರೇ ಆದರು, 2016ರಲ್ಲಿ ತೀರಿಕೊಂಡರು. ಬೀಬಾಪ್ ಎಂಬ ಬಹು ಕಠಿಣ ಬಗೆಯ ಜಾಸ್ ಸಂಗೀತವನ್ನು ಬಿಡದೆ ನುಡಿಸಿದವರು. ಅವರ ಮೇಲೆ 'ಫೈಂಡಿಂಗ್ ಕಾರ್ಲ್‌ಟನ್' ಎಂಬ ಸಾಕ್ಷ್ಯಚಿತ್ರವೂ ಇದೆ. (ಬೆಂಗಳೂರಿನ ನಮಗೆ ಅವರ ಹೆಸರು ಗೊತ್ತಿಲ್ಲದಿರುವುದು ನಾಚಿಕೆಯ ಸಂಗತಿ.) ಆದರೆ ಕಿಟ್ಟೊ ಇಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಅವರ ಕಲೆ ಒಂದು ಧಾಟಿಯನ್ನು ಹಿಡಿದು ಪ್ರತಿಸಲವೂ ಬೇರೆ ದಾರಿಯಲ್ಲಿ ಹೋಗುವುದು, ನಮ್ಮ ಮನೋಧರ್ಮ ಸಂಗೀತದ ಹಾಗೆ. ರಿಫ್ ಇದಕ್ಕೆ ತದ್ವಿರುದ್ಧ: ಪ್ರತಿಸಲವೂ ಅದೇ ದಾರಿ, ಅದೇ ಹೆಜ್ಜೆ. ದೊಡ್ಡ ವಾದಕ ಬೇರೆ, ದೊಡ್ಡ ರಿಫ್ ಬೇರೆ. ಅರ್ಧ ಜಗಳ ಹುಟ್ಟುವುದು ಈ ಎರಡನ್ನು ಕಲಸುವುದರಿಂದ.

ಈಗ ನಿಜವಾದ ಒಂದು ಸೊಲ್ಲನ್ನು ಬಿಚ್ಚಿ ನೋಡೋಣ. ಗಿಟಾರು ಕೈಗೆ ಬಂದ ಹುಡುಗ ಮೊದಲ ವಾರ ನುಡಿಸುವುದು ಡೀಪ್ ಪರ್ಪಲ್ ತಂಡದ 'ಸ್ಮೋಕ್ ಆನ್ ದ ವಾಟರ್'. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂತ್ರೋ ಊರಿನ ಕ್ಯಾಸಿನೋ ಒಂದು ಸಂಗೀತ ಕಾರ್ಯಕ್ರಮದ ನಡುವೆಯೇ ಸುಟ್ಟುಹೋಯಿತು. ಹಾಡು ಮುದ್ರಿಸಲು ಅಲ್ಲಿಗೆ ಬಂದಿದ್ದ ಈ ತಂಡದವರು ಸರೋವರದ ಮೇಲೆ ಹಬ್ಬಿದ ಹೊಗೆಯನ್ನು ಕಂಡರು. ಅದೇ ಹಾಡಾಯಿತು, 1972ರಲ್ಲಿ ಹೊರಬಂತು. ರಿಚಿ ಬ್ಲಾಕ್‌ಮೋರ್ ಹೊಸೆದ ಅದರ ರಿಫ್‌ನಲ್ಲಿ ಇರುವುದು ನಾಲ್ಕೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಮತ್ತು ಒಂದೇ ಒಂದು ಸಲ ಪ್ರತಿ ಮಧ್ಯಮ. ಮೊದಲ ತುಣುಕು ಷಡ್ಜದಿಂದ ಹೊರಟು ಶುದ್ಧ ಮಧ್ಯಮಕ್ಕೆ ಹತ್ತಿ ನಿಲ್ಲುತ್ತದೆ. ಎರಡನೆಯದು ಮತ್ತೆ ಹೊರಡುತ್ತದೆ. ಈ ಸಲ ಅರ್ಧ ಮೆಟ್ಟಿಲು ಹೆಚ್ಚು ಹತ್ತಿ, ಅಲ್ಲಿ ನಿಲ್ಲಲಾರದೆ ಜಾರಿ ಹಿಂದಕ್ಕೆ ಬರುತ್ತದೆ. ಮೂರನೆಯದು ಹತ್ತಿದ್ದನ್ನೆಲ್ಲ ಇಳಿದು ಮನೆ ಸೇರುತ್ತದೆ. ಆಮೇಲೆ ಮತ್ತೆ ಮೊದಲಿನಿಂದ. ಆ ಅರ್ಧ ಮೆಟ್ಟಿಲೇ ಇದರ ಪ್ರಾಣ. ಅದನ್ನು ತೆಗೆದು ನುಡಿಸಿ ನೋಡಿ, ಶಾಲೆಯ ಗಂಟೆಯ ಹಾಗೆ ಕೇಳಿಸುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಬ್ಲಾಕ್‌ಮೋರ್ ಒಂದೊಂದು ಸ್ವರಕ್ಕೂ ಎರಡು ತಂತಿಗಳನ್ನು ಒಟ್ಟಿಗೆ ಬೆರಳಿನಿಂದಲೇ ಮೀಟುತ್ತಾನೆ. ಷಡ್ಜದ ಕೆಳಗೆ ಮಂದ್ರ ಪಂಚಮ, ಹೀಗೆ ಪ್ರತಿ ಸ್ವರದ ಜೊತೆಗೂ ಅಷ್ಟೇ ದೂರದ ಕೆಳಸ್ವರ. ಅದಕ್ಕೇ ಆ ನಾದಕ್ಕೆ ಆ ಭಾರ. ಹಾಡಿನ ಆರಂಭದಲ್ಲಿ ಗಿಟಾರು ಒಂಟಿ. ಆಮೇಲೆ ಆರ್ಗನ್, ಡ್ರಮ್ಮು, ಬೇಸ್ ಒಂದೊಂದಾಗಿ ಸೇರಿಕೊಳ್ಳುತ್ತವೆ. ಸೊಲ್ಲು ಕೂದಲೆಳೆಯಷ್ಟೂ ಬದಲಾಗಿಲ್ಲ, ಆದರೆ ಆರಂಭದಲ್ಲಿ ಕೇಳಿದ್ದಕ್ಕೂ ನಾಲ್ಕನೆಯ ಸಲ ಕೇಳಿದ್ದಕ್ಕೂ ತೂಕವೇ ಬೇರೆ.

ಎರಡನೆಯ ಉದಾಹರಣೆ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್', 1965ನೇ ಇಸವಿಯದು. (ಈ ತಂಡ 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತ್ತು.) ಕೀತ್ ರಿಚರ್ಡ್ಸ್ ಇಲ್ಲಿ ಮುಟ್ಟುವುದು ಮೂರೇ ಸ್ವರ: ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಷಡ್ಜದ ಬಾಗಿಲ ತನಕ ಹೋಗಿ ವಾಪಸು ಬರುತ್ತಾನೆ, ಒಳಗೆ ಕಾಲಿಡುವುದೇ ಇಲ್ಲ. ತೃಪ್ತಿ ಸಿಗುತ್ತಿಲ್ಲ ಎಂದು ಗೋಳಾಡುವ ಹಾಡಿಗೆ ಷಡ್ಜ ಸಿಗದ ಸೊಲ್ಲು! ಇದನ್ನು ಅವನು ಯೋಚಿಸಿ ಮಾಡಿದನೋ, ಕೈಗೆ ಹಾಗೇ ಬಂತೋ, ನಮಗೆ ಮುಖ್ಯವಲ್ಲ. ಅವನ ಮನಸ್ಸಿನಲ್ಲಿದ್ದದ್ದು ಇದನ್ನು ಕಹಳೆ ವಾದ್ಯಗಳಿಂದ ಊದಿಸಬೇಕು ಎಂದು. ಗಿಟಾರಿನ ಗೊರಗೊರ ನಾದ ಬರೀ ಗುರುತಿಗೆ ಹಾಕಿದ್ದು. ಅದೇ ವರ್ಷ ಓಟಿಸ್ ರೆಡಿಂಗ್ ನಿಜವಾಗಿಯೂ ಕಹಳೆಗಳನ್ನಿಟ್ಟು ಹಾಡಿದ. ಚೆನ್ನಾಗಿದೆ. ಆದರೂ ಜನರ ಬಾಯಲ್ಲಿ ಉಳಿದದ್ದು ಆ ಗುರುತಿನ ಗೀಟೇ.

ಇನ್ನೊಂದು ಪಕ್ಷದವರಿಗೆ ಮೊದಲು ಮಾಡಿದವನೇ ದೊಡ್ಡವನು. ಇದರಲ್ಲಿ ಅರ್ಧ ಸತ್ಯ ಇದೆ. ಬ್ಲಾಕ್ ಸ್ಯಾಬತ್ ತಂಡದ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದರಲ್ಲಿ ಹದಿನೇಳನೆಯ ವಯಸ್ಸಿಗೆ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡ. ಅವನು ಎಡಚ, ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ನೋವು ತಡೆಯಲು ಮುಂದೆ ತಂತಿಯನ್ನು ಸಡಿಲ ಮಾಡಿ ಶ್ರುತಿ ಇಳಿಸಿದ. ನಿಧಾನವಾದ, ಕತ್ತಲು ತುಂಬಿದ ಅವನ ಸೊಲ್ಲುಗಳಿಂದ ಹೆವಿ ಮೆಟಲ್ ಎಂಬ ಪ್ರಕಾರವೇ ಹುಟ್ಟಿತು ಅನ್ನಬಹುದು. ಆದರೆ ನಾವು ಅವನ್ನು ಮತ್ತೆ ಕೇಳುವುದು ಮೊದಲಿನವು ಎಂಬ ಕಾರಣಕ್ಕಲ್ಲ. ಮೊದಲಿಗತನ ಇತಿಹಾಸದ ಪುಸ್ತಕಕ್ಕೆ ಬೇಕು, ಕಿವಿಗಲ್ಲ.

ಓಟು ಹಾಕಿ ತೀರ್ಮಾನಿಸಿ ಅನ್ನುವವರೂ ಇದ್ದರು. 2014ರಲ್ಲಿ ಬಿಬಿಸಿ ರೇಡಿಯೋ 2 ಕೇಳುಗರಿಂದ ಮತ ತೆಗೆದುಕೊಂಡಾಗ ಗೆದ್ದದ್ದು ಲೆಡ್ ಜೆಪ್ಲಿನ್ ತಂಡದ 'ಹೋಲ್ ಲಾಟಾ ಲವ್' (1969). ಒಳ್ಳೆಯ ಆಯ್ಕೆಯೇ. ಆದರೆ ಓಟು ಯಾವುದು ಅನ್ನುತ್ತದೆ, ಯಾಕೆ ಅನ್ನುವುದಿಲ್ಲ.

ನನ್ನ ಅಳತೆಗೋಲು ಇದು. ರಿಫ್‌ನ ಕೆಲಸವೇ ಮರಳಿ ಬರುವುದು. ಹಾಗಾದರೆ ಅದರ ಹಿರಿಮೆಯನ್ನು ಮೊದಲ ಸಲ ಕೇಳಿದಾಗಿನ ಬೆರಗಿನಿಂದ ಅಳೆಯಬಾರದು, ಇಪ್ಪತ್ತನೆಯ ಸಲ ಬಂದಾಗ ಅದು ಏನು ಹೊತ್ತು ತರುತ್ತದೆ ಎಂಬುದರಿಂದ ಅಳೆಯಬೇಕು. ಇದು ನಮಗೆ ಹೊಸದೇನಲ್ಲ. ವಚನದ ಅಂಕಿತವನ್ನೇ ನೋಡಿ. ಬಸವಣ್ಣನವರ ವಚನಗಳ ಕೊನೆಗೆ ಕೂಡಲಸಂಗಮದೇವ ಬಂದೇ ಬರುತ್ತಾನೆ. ಒಂದು ಕಡೆ ಅದು ಮೊರೆ, ಒಂದು ಕಡೆ ಸವಾಲು, ಇನ್ನೊಂದು ಕಡೆ ಸಾಕ್ಷಿಗೆ ಕರೆದ ಹಾಗೆ. ಅಕ್ಷರ ಒಂದೂ ಬದಲಾಗಿಲ್ಲ. ಮೇಲಿನ ಸಾಲುಗಳು ಬದಲಾದದ್ದರಿಂದ ಅದೇ ಹೆಸರು ಬೇರೆ ಮಾತಾಯಿತು. ಅಂಕಿತವನ್ನು ಬರೀ ಸಹಿ ಎಂದು ಓದುವವನು ವಚನದ ಅರ್ಧವನ್ನು ಬಿಟ್ಟ ಹಾಗೆ. ರಿಫ್‌ನ್ನು ಬರೀ ಅಲಂಕಾರ ಎಂದು ಕೇಳುವವನದೂ ಇದೇ ಕತೆ.

ಮರಳಿ ಬರಬೇಕಾದರೆ ಹಗುರ ಇರಬೇಕು. ಸ್ವರ ಕಡಿಮೆ, ಕೈಗೆ ಸುಲಭ. ಹಾಗೇ ಒಳಗೊಂದು ಕೊರತೆಯೂ ಇರಬೇಕು, ಕೇಳುವವನು ಮುಂದಿನ ಸಲಕ್ಕೆ ಕಾಯುವಂಥದ್ದು: ಜಾರಿದ ಅರ್ಧ ಮೆಟ್ಟಿಲು, ಸಿಗದ ಷಡ್ಜ. ಇದಕ್ಕೆ ಕಾಫಿ ಹೌಸಿನಲ್ಲಿ ನಾವು ಮಾಡಿಕೊಂಡ ಪರೀಕ್ಷೆ ಸರಳ. ವಾದ್ಯ ಇಲ್ಲದೆ ಬಾಯಲ್ಲಿ ಅಂದು ತೋರಿಸಬೇಕು, ಪಕ್ಕದವನು ಗುರುತು ಹಿಡಿಯಬೇಕು. ಕಷ್ಟದ ಪಕ್ಷದವರು ಇಲ್ಲಿ ಸೋಲುತ್ತಿದ್ದರು. ಕಲ್ಕತ್ತೆಯಲ್ಲಿ ಹುಟ್ಟಿದ ಆರ್. ಡಿ. ಬರ್ಮನ್ 1971ರಲ್ಲಿ ಮಾಡಿದ 'ದಮ್ ಮಾರೋ ದಮ್' ಹಾಡಿನ ಮೊದಲಿನ ಗಿಟಾರು ಇದೆಯಲ್ಲ, ಭೂಪಿಂದರ್ ಸಿಂಗ್ ನುಡಿಸಿದ್ದು, ಅದನ್ನು ಬಾಯಲ್ಲಿ ಅಂದರೆ ಕಾಫಿ ತಂದವನೂ ನಗುತ್ತಿದ್ದ. ರಿಫ್ ಎಂಬ ಪದ ಅವನಿಗೆ ಬೇಕಾಗಿರಲಿಲ್ಲ.

ನನ್ನ ಈ ಸಿದ್ಧಾಂತಕ್ಕೆ ಗಟ್ಟಿಯಾದ ಪೆಟ್ಟು ಕೊಟ್ಟವನು ಒಬ್ಬ ಬಂಗಾಳಿ ಗೆಳೆಯ, ಇತಿಹಾಸದ ವಿದ್ಯಾರ್ಥಿ. "ನೀವು ಹೇಳಿದ್ದೆಲ್ಲ ಸಾಯೇಬರ ರಿಫ್. ಮೊಹೀನೇರ್ ಘೋಡಾಗುಲಿಯನ್ನು ನಿನ್ನ ತಕ್ಕಡಿಯಲ್ಲಿ ಇಡು ನೋಡೋಣ" ಅಂದ. 1975ರಲ್ಲಿ ಗೌತಮ್ ಚಟ್ಟೋಪಾಧ್ಯಾಯ ಮತ್ತು ಸಂಗಡಿಗರು ಕಟ್ಟಿದ ತಂಡ ಅದು. ಹೆಸರು ಜೀವನಾನಂದ ದಾಸರ ಕವಿತೆಯಿಂದ ಬಂದದ್ದು. 1977ರಿಂದ 1979ರೊಳಗೆ ಮೂರು ತಟ್ಟೆ ಹೊರತಂದು ಚದುರಿಹೋದರು. ಆ ಕಾಲಕ್ಕೆ ಅವರನ್ನು ಕೇಳಿದವರು ಕಡಿಮೆ. ಇವತ್ತು ಬಂಗಾಳಿ ರಾಕ್ ತನ್ನ ಮೂಲಪುರುಷರು ಅನ್ನುವುದು ಅವರನ್ನೇ. ಅವರಲ್ಲೊಬ್ಬರಾದ ರಂಜನ್ ಘೋಷಾಲ್ ಬೆಂಗಳೂರಿಗೆ ಬಂದು ನೆಲೆಸಿ, ನಾಟಕ ಆಡಿಸಿಕೊಂಡಿದ್ದು 2020ರಲ್ಲಿ ಇಲ್ಲೇ ತೀರಿಕೊಂಡರು. ಅಂದರೆ ಕಿಟ್ಟೊ ಇಲ್ಲಿಂದ ಅಲ್ಲಿಗೆ, ಘೋಷಾಲ್ ಅಲ್ಲಿಂದ ಇಲ್ಲಿಗೆ.

ಗೆಳೆಯನ ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಘೋಡಾಗುಲಿಯ ಹಾಡುಗಳಲ್ಲಿ ಎದೆಗೆ ಗುದ್ದುವ ಒಂದು ರಿಫ್ ಹುಡುಕಿದರೆ ಕೈಗೆ ಹತ್ತುವುದಿಲ್ಲ. ಅಲ್ಲಿ ಬಾವುಲರ ಧಾಟಿಯ ವಾಸನೆ ಇದೆ, ಊರಿನ ಮಾತಿದೆ, ಗಿಟಾರು ಅದಕ್ಕೆ ಆಳಾಗಿ ದುಡಿಯುತ್ತದೆ. ಮುಂದೆ 2006ರಲ್ಲಿ 'ಗ್ಯಾಂಗ್‌ಸ್ಟರ್' ಎಂಬ ಹಿಂದಿ ಚಿತ್ರಕ್ಕೆ ಅವರ ಒಂದು ಹಾಡು ಹೋಯಿತು. ಹೋದದ್ದು ಹಾಡುವ ಧಾಟಿ, ಗಿಟಾರಿನ ಸೊಲ್ಲಲ್ಲ. ಹಾಗಾದರೆ ದೊಡ್ಡ ರಿಫ್ ಇಲ್ಲದೆಯೂ ದೊಡ್ಡ ರಾಕ್ ಸಾಧ್ಯ ಎಂದಾಯಿತು. ಒಪ್ಪಿದೆ. ಆದರೆ ಇದು ರಿಫ್‌ನ್ನು ಅಳೆಯುವ ಕೋಲನ್ನು ಮುರಿಯುವುದಿಲ್ಲ, ಆ ಕೋಲಿನಿಂದ ಎಲ್ಲವನ್ನೂ ಅಳೆಯಬೇಡ ಅನ್ನುತ್ತದೆ. ಅಂಕಿತದ ಚೆಂದದಿಂದ ಕಾದಂಬರಿಯನ್ನು ಅಳೆಯುತ್ತೇವೆಯೆ?

"ನಿಮ್ಮ ಕನ್ನಡದಲ್ಲಿ ಏನಿದೆ?" ಎಂದು ಅವನು ಬಿಡಲಿಲ್ಲ. ನಾನೂ ಧಾರವಾಡದವನೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಧಾರವಾಡದವನು ಇಳಯರಾಜರ ಸಂಗೀತವಿದ್ದ 'ಪಲ್ಲವಿ ಅನುಪಲ್ಲವಿ' (1983) ಚಿತ್ರದ ಆ ಪುಟ್ಟ ತುಣುಕನ್ನು ಬಾಯಲ್ಲೇ ಅಂದ. ಬಂಗಾಳಿ ಗೆಳೆಯ ಎರಡನೆಯ ಸುತ್ತಿಗೇ ತಾನೂ ಸೇರಿಸಿದ. ಚಿತ್ರದ ಹೆಸರು ಅವನು ಕೇಳಿರಲಿಲ್ಲ. 2018ರಲ್ಲಿ ವೊಡಾಫೋನ್ ಜೊತೆ ವಿಲೀನವಾದ ಐಡಿಯಾ ಕಂಪನಿ ತನ್ನ ಜಾಹೀರಾತುಗಳಿಗೆ ಅದೇ ತುಣುಕನ್ನು ವರ್ಷಗಟ್ಟಲೆ ಬಳಸಿತ್ತು, ಅವನು ಅದನ್ನು ಐಡಿಯಾದ ಟ್ಯೂನ್ ಎಂದೇ ತಿಳಿದಿದ್ದ. ಕನ್ನಡದ್ದು ಎಂದು ನಾವು ಹೇಳಿದಾಗ, ಅದು ರಾಕ್ ಅಲ್ಲ, ಲೆಕ್ಕಕ್ಕಿಲ್ಲ ಎಂದು ಹೊಸ ವಾದ ತೆಗೆದ. ಆ ವಾದ ಮುಗಿಯುವ ಮೊದಲೇ ಕಾಫಿ ಹೌಸಿನವರು ಕುರ್ಚಿ ಎತ್ತಿಡಲು ಶುರು ಮಾಡಿದರು.