ಮೆಡಿಕಲ್ ದಿನಾಂಕ ಅದಲುಬದಲಾದರೆ: ಪೈಲಟ್‌ಗೆ ಕಾನೂನು ಕೊಡುವುದೇನು, ಕೊಡದಿರುವುದೇನು

ಹೀಗೊಂದು ಪ್ರಸಂಗ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ನೆಲೆಸಿರುವ ಸಹ-ಪೈಲಟ್ ಒಬ್ಬರ ಮೆಡಿಕಲ್ (ವೈದ್ಯಕೀಯ ಅರ್ಹತಾ ಪತ್ರ) ಅವಧಿ ಜೂನ್ 30ಕ್ಕೆ ಮುಗಿಯುತ್ತದೆ. ಜೂನ್ 24ರ ಬೆಳಿಗ್ಗೆ ಅವರು ಖಾಲಿ ಹೊಟ್ಟೆಯಲ್ಲಿ, ಹಳೆಯ ರಿಪೋರ್ಟುಗಳನ್ನೆಲ್ಲ ಜೋಡಿಸಿಕೊಂಡು ತಪಾಸಣಾ ಕೇಂದ್ರಕ್ಕೆ ಹೋಗುತ್ತಾರೆ. ಕೌಂಟರಿನಲ್ಲಿ ಕೂತವರು ಕಂಪ್ಯೂಟರ್ ನೋಡಿ, "ಮೇಡಂ, ನಿಮ್ಮ ಹೆಸರು ಜುಲೈ 24ಕ್ಕಿದೆಯಲ್ಲ" ಎನ್ನುತ್ತಾರೆ. ಫೋನಿನಲ್ಲಿ ಮಾತಾಡಿದ್ದು ಜೂನ್, ದಾಖಲಾಗಿದ್ದು ಜುಲೈ. ಶುಲ್ಕ ಕಟ್ಟಿಯಾಗಿದೆ. ಜುಲೈ ಮೊದಲ ವಾರದ ರೋಸ್ಟರೂ ಕೈಸೇರಿದೆ.

ಇಂಥ ಹೊತ್ತಿನಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ಜುಲೈ 1ರಂದು ವಿಮಾನ ಹಾರಿಸಬಹುದೇ? ಆದ ನಷ್ಟವನ್ನು ಯಾರು ತುಂಬಿಕೊಡಬೇಕು? ಮೊದಲನೆಯದು ವಾಯುಯಾನ ಕಾನೂನಿನ ಪ್ರಶ್ನೆ. ಅಲ್ಲಿ ತಪ್ಪು ಯಾರದೆಂಬುದು ಲೆಕ್ಕಕ್ಕೇ ಬರುವುದಿಲ್ಲ. ಎರಡನೆಯದರಲ್ಲಿ ತಪ್ಪು ಯಾರದೆಂಬುದೇ ಮುಖ್ಯ. ಇವೆರಡನ್ನು ಕಲಸಿಕೊಂಡವರು ಲೈಸೆನ್ಸನ್ನೂ ಅಪಾಯಕ್ಕೆ ಒಡ್ಡುತ್ತಾರೆ, ಪರಿಹಾರವನ್ನೂ ಕಳೆದುಕೊಳ್ಳುತ್ತಾರೆ.

ಮೆಡಿಕಲ್ ಏಕೆ ಕಡ್ಡಾಯ?

1937ರ ವಿಮಾನ ನಿಯಮಗಳ 39ಬಿ ನಿಯಮವು ಪೈಲಟ್ ಲೈಸೆನ್ಸಿಗೆ ವೈದ್ಯಕೀಯ ಅರ್ಹತೆಯನ್ನು ಕಡ್ಡಾಯ ಮಾಡಿದೆ. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದೆ. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಕಾಯ್ದೆ ಬದಲಾದರೂ ಹಳೆಯ ನಿಯಮಗಳು ಅಂದೇ ರದ್ದಾಗಲಿಲ್ಲ. ಹೊಸ ನಿಯಮ ಬರುವವರೆಗೆ, ಹೊಸ ಕಾಯ್ದೆಗೆ ವಿರುದ್ಧವಾಗದ ಮಟ್ಟಿಗೆ ಅವು ಮುಂದುವರಿಯುತ್ತವೆ. ಮೆಡಿಕಲ್ ಕುರಿತ ನಿಯಮಗಳಿಗೆ ಬುನಾದಿ 1944ರ ಷಿಕಾಗೋ ಅಂತರರಾಷ್ಟ್ರೀಯ ವಾಯುಯಾನ ಒಪ್ಪಂದದ ಅನೆಕ್ಸ್ 1, ಅಂದರೆ ಲೈಸೆನ್ಸ್ ಕುರಿತ ಅನುಬಂಧ.

ವಾಣಿಜ್ಯ ಪೈಲಟ್‌ಗಳಿಗೆ ಕ್ಲಾಸ್ 1, ಖಾಸಗಿ ಪೈಲಟ್‌ಗಳಿಗೆ ಕ್ಲಾಸ್ 2 ಮೆಡಿಕಲ್. ಕ್ಲಾಸ್ 1ರ ಸಾಮಾನ್ಯ ಅವಧಿ 12 ತಿಂಗಳು. ವಯಸ್ಸು 60 ದಾಟಿದ ವಾಣಿಜ್ಯ ಪೈಲಟ್‌ಗಳಿಗೆ ಅದು 6 ತಿಂಗಳಿಗೆ ಇಳಿಯುತ್ತದೆ. ಆರೋಗ್ಯದ ಕಾರಣ ಕಂಡರೆ ವೈದ್ಯರು ಇನ್ನೂ ಕಡಿಮೆ ಅವಧಿ ಬರೆಯಬಹುದು.

ಇಲ್ಲೇ ಒಂದು ಗೊಂದಲವಿದೆ. 2023ರ ತಿದ್ದುಪಡಿಯ ಬಳಿಕ ಸಿಪಿಎಲ್ (ವಾಣಿಜ್ಯ ಪೈಲಟ್) ಮತ್ತು ಎಟಿಪಿಎಲ್ (ಏರ್‌ಲೈನ್ ಪೈಲಟ್) ಲೈಸೆನ್ಸುಗಳ ಅವಧಿ 5 ವರ್ಷದಿಂದ 10 ವರ್ಷಕ್ಕೆ ಏರಿತು. ಲೈಸೆನ್ಸಿನ ಮೇಲೆ ದೂರದ ದಿನಾಂಕ ಇದೆಯೆಂದು ನಿಶ್ಚಿಂತರಾಗುವಂತಿಲ್ಲ. ಮೆಡಿಕಲ್ ಮುಗಿದರೆ ಲೈಸೆನ್ಸ್ ಜೀವಂತವಾಗಿದ್ದರೂ ಅದನ್ನು ಬಳಸುವ ಹಕ್ಕು ನಿಂತಿರುತ್ತದೆ.

ದಿನ ಎಣಿಸುವುದು ಎಲ್ಲಿಂದ?

ಅನೆಕ್ಸ್ 1ರ ಪ್ರಕಾರ ಅವಧಿ ಶುರುವಾಗುವುದು ತಪಾಸಣೆ ನಡೆದ ದಿನದಿಂದ. ಅಪಾಯಿಂಟ್‌ಮೆಂಟ್ ಪಡೆದ ದಿನಕ್ಕೆ, ಶುಲ್ಕ ಕಟ್ಟಿದ ದಿನಕ್ಕೆ, ಕಾಗದ ಕೈಗೆ ಬಂದ ದಿನಕ್ಕೆ ಇಲ್ಲಿ ಬೆಲೆಯಿಲ್ಲ. "ಬುಕ್ ಮಾಡಿದ್ದೆ" ಎಂಬ ಮಾತು ಗ್ರಾಹಕ ಆಯೋಗದಲ್ಲಿ ಕೆಲಸಕ್ಕೆ ಬರುತ್ತದೆ, ಕಾಕ್‌ಪಿಟ್‌ನಲ್ಲಿ ಬರುವುದಿಲ್ಲ.

ಅವಧಿಯನ್ನು ಗರಿಷ್ಠ 45 ದಿನ ವಿಸ್ತರಿಸಲು ಅನೆಕ್ಸ್ 1 ಲೈಸೆನ್ಸ್ ಪ್ರಾಧಿಕಾರಕ್ಕೆ ಅವಕಾಶ ಕೊಟ್ಟಿದೆ. ಆದರೆ ಅದು ಪ್ರಾಧಿಕಾರದ ವಿವೇಚನೆ. ಪೈಲಟ್ ಹಕ್ಕೆಂದು ಕೇಳುವಂಥದ್ದಲ್ಲ. 2020ರ ಕೋವಿಡ್ ಕಾಲದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಅವಧಿಗಳನ್ನು ಮುಂದಕ್ಕೆ ಹಾಕಿತ್ತು. ಅದು ಎಲ್ಲರಿಗೂ ಅನ್ವಯಿಸುವಂತೆ ಹೊರಟ ಆದೇಶ. ಒಬ್ಬರ ಅಪಾಯಿಂಟ್‌ಮೆಂಟ್ ಎಡವಟ್ಟಿಗೆ ಅಂಥ ರಿಯಾಯಿತಿ ತಾನಾಗಿ ಬರುವುದಿಲ್ಲ. ಲಿಖಿತ ಆದೇಶ ಕೈಯಲ್ಲಿಲ್ಲದಿದ್ದರೆ ಹಾರಾಟವೂ ಇಲ್ಲ.

ಹಾರಿದರೆ? ಸಂಬಂಧಪಟ್ಟವರ ಅಹವಾಲು ಕೇಳಿದ ಮೇಲೆ ಲೈಸೆನ್ಸನ್ನು ಅಮಾನತು ಅಥವಾ ರದ್ದು ಮಾಡುವ ಅಧಿಕಾರವನ್ನು ವಿಮಾನ ನಿಯಮಗಳ 19ನೇ ನಿಯಮ ಕೊಡುತ್ತದೆ. ಶೋಕಾಸ್ ನೋಟಿಸ್ ಬಂದರೆ ಉತ್ತರ ಕೊಡುವುದು ನಿಮ್ಮ ಹಕ್ಕು. ಆದರೆ "ಆಸ್ಪತ್ರೆಯವರು ತಾರೀಖು ತಪ್ಪು ಬರೆದರು" ಎಂಬ ಉತ್ತರ ಶಿಕ್ಷೆಯನ್ನು ಹಗುರ ಮಾಡೀತೇ ಹೊರತು ಉಲ್ಲಂಘನೆಯನ್ನು ಅಳಿಸದು.

ಆ ದಿನವೇ ಮಾಡಬೇಕಾದ ಕೆಲಸ

1. ಕೌಂಟರಿನಿಂದ ಬರಿಗೈಯಲ್ಲಿ ಹೊರಡಬೇಡಿ. ಇಂದು ಹಾಜರಾಗಿದ್ದಿರಿ, ತಪಾಸಣೆ ಆಗಲಿಲ್ಲ ಎಂದು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಅಲ್ಲಿಂದಲೇ ಕೇಂದ್ರದ ವಿಳಾಸಕ್ಕೆ ಇಮೇಲ್ ಕಳುಹಿಸಿ. ಇಮೇಲಿನ ಸಮಯವೇ ಸಾಕ್ಷಿ.

2. ಬುಕಿಂಗ್ ಸಂದೇಶ, ಪಾವತಿ ರಸೀದಿ, ಕರೆಗಳ ಪಟ್ಟಿ, ಪೋರ್ಟಲ್ ಪುಟ ಎಲ್ಲವನ್ನೂ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಜೊತೆಗೆ ಮೂಲ ಸಂದೇಶವೂ ಫೋನಿನಲ್ಲಿರಲಿ. ನ್ಯಾಯಾಲಯದವರೆಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಕಾರ ಇಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ.

3. ರೋಸ್ಟರ್ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ: ಮೆಡಿಕಲ್ ಇಂಥ ದಿನ ಮುಗಿಯುತ್ತದೆ, ನವೀಕರಣ ಆಗುವವರೆಗೆ ಹಾರಾಟಕ್ಕೆ ಹಾಕಬೇಡಿ.

4. ಉಳಿದ ದಿನಗಳಲ್ಲಿ ಬೇರೆ ಕಡೆ ತಪಾಸಣೆ ಸಿಗುವುದೇ ನೋಡಿ. ಡಿಜಿಸಿಎ ಪಟ್ಟಿಯಲ್ಲಿರುವ ಪರೀಕ್ಷಕ ವೈದ್ಯರು ಹಲವು ಊರುಗಳಲ್ಲಿದ್ದಾರೆ. ಆದರೆ ಎಲ್ಲ ತಪಾಸಣೆಗೂ ಎಲ್ಲ ವೈದ್ಯರಿಗೆ ಅಧಿಕಾರವಿಲ್ಲ. ಮೊದಲ ಸಲದ ಕ್ಲಾಸ್ 1, ತಾತ್ಕಾಲಿಕವಾಗಿ ಅನ್‌ಫಿಟ್ ಎಂದಾದ ಮೇಲಿನ ವಿಶೇಷ ತಪಾಸಣೆ ಮುಂತಾದವು ಅಧಿಕೃತ ಕೇಂದ್ರಗಳಲ್ಲೇ ಆಗಬೇಕು. 1957ರಲ್ಲಿ ಆರಂಭವಾದ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಅಂಥ ಕೇಂದ್ರ.

ನಾಲ್ಕನೆಯ ಕೆಲಸಕ್ಕೆ ಕಾನೂನಿನ ಬಲವೂ ಇದೆ. ನಷ್ಟ ಲೆಕ್ಕ ಹಾಕುವಾಗ, ಅದನ್ನು ತಗ್ಗಿಸಲು ನಿಮ್ಮ ಮುಂದೆ ಯಾವ ದಾರಿಗಳಿದ್ದವು ಎಂಬುದನ್ನೂ ಗಮನಿಸಬೇಕು ಎನ್ನುತ್ತದೆ 1872ರ ಒಪ್ಪಂದ ಕಾಯ್ದೆಯ 73ನೇ ಕಲಮು. ಪಕ್ಕದ ಊರಿನಲ್ಲಿ ಜೂನ್ 27ಕ್ಕೆ ಸ್ಲಾಟ್ ಇದ್ದೂ ಜುಲೈ 24ರವರೆಗೆ ಮನೆಯಲ್ಲಿ ಕೂತರೆ ಅಷ್ಟೂ ದಿನದ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ.

ಕೇಂದ್ರಕ್ಕೆ ಬರೆಯುವ ಪತ್ರದ ಮಾದರಿ

"ವಿಷಯ: ಅಪಾಯಿಂಟ್‌ಮೆಂಟ್ ದಿನಾಂಕದ ತಪ್ಪು ನಮೂದು.

ಮಾನ್ಯರೇ, ಕ್ಲಾಸ್ 1 ನವೀಕರಣ ತಪಾಸಣೆಗೆ ನಾನು ಇಂಥ ದಿನ ಫೋನ್/ಇಮೇಲ್ ಮೂಲಕ ಜೂನ್ 24ರ ದಿನಾಂಕ ಪಡೆದು, ಇಷ್ಟು ರೂಪಾಯಿ ಶುಲ್ಕ ಪಾವತಿಸಿರುತ್ತೇನೆ. ಈ ದಿನ ಹಾಜರಾದಾಗ ನನ್ನ ಹೆಸರು ಜುಲೈ 24ಕ್ಕೆ ದಾಖಲಾಗಿರುವುದಾಗಿ ತಿಳಿಸಲಾಯಿತು. ನನ್ನ ಮೆಡಿಕಲ್ ಅವಧಿ ಜೂನ್ 30ಕ್ಕೆ ಮುಗಿಯುವುದರಿಂದ ಅದರೊಳಗೆ ತಪಾಸಣೆಗೆ ದಿನ ನೀಡಬೇಕು, ಇಲ್ಲವೇ ಶುಲ್ಕ ಮರಳಿಸಿ ಬೇರೆಡೆ ತಪಾಸಣೆಗೆ ಅನುವು ಮಾಡಿಕೊಡಬೇಕು. ಎರಡೂ ಆಗದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ."

ಇಷ್ಟು ಸಾಕು. ಸಿಟ್ಟು ಬೇಡ, ಬೆದರಿಕೆ ಬೇಡ. ದಿನಾಂಕ, ಹಣ, ಬೇಡಿಕೆ ಈ ಮೂರು ಸ್ಪಷ್ಟವಿದ್ದರೆ ಇದೇ ಪತ್ರ ಮುಂದೆ ದೂರಿನ ಬೆನ್ನೆಲುಬಾಗುತ್ತದೆ.

ಖಾಸಗಿ ಕೇಂದ್ರವಾದರೆ ಗ್ರಾಹಕ ಆಯೋಗ

ದುಡ್ಡು ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ವಿರುದ್ಧ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಇನ್ನೊಂದು ಕಡೆ, ಶಾಸನಬದ್ಧ ಕರ್ತವ್ಯವಾಗಿ ಪರೀಕ್ಷೆ ನಡೆಸುವ ಮಂಡಳಿ ಗ್ರಾಹಕ ಸೇವೆ ಕೊಡುತ್ತಿಲ್ಲವೆಂದು 2009ರಲ್ಲಿ ಬಿಹಾರ ಶಾಲಾ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದೆ.

ಇವೆರಡನ್ನೂ ಮನಸ್ಸಿನಲ್ಲಿಟ್ಟು ದೂರು ಬರೆಯಬೇಕು. "ನನ್ನನ್ನು ಫಿಟ್ ಎಂದು ಘೋಷಿಸಲಿಲ್ಲ" ಎಂಬುದು ಶಾಸನಬದ್ಧ ತೀರ್ಮಾನಕ್ಕೆ ಹಾಕುವ ಸವಾಲು. ಅದಕ್ಕೆ ಡಿಜಿಸಿಎ ವ್ಯವಸ್ಥೆಯೊಳಗೇ ಮರುಪರಿಶೀಲನೆ ಮತ್ತು ಮೇಲ್ಮನವಿಯ ದಾರಿ ಹಿಡಿಯಬೇಕು. "ಹಣ ಪಡೆದು, ಒಪ್ಪಿದ ದಿನ ತಪಾಸಣೆ ಮಾಡಲಿಲ್ಲ" ಎಂಬುದು ಸೇವಾ ನ್ಯೂನತೆ. ದೂರು ಈ ಎರಡನೆಯದರ ಗಡಿ ದಾಟದಿರಲಿ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ದೂರುದಾರರಿಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ತಪಾಸಣೆ ದೆಹಲಿಯಲ್ಲಿ ನಿಗದಿಯಾಗಿದ್ದರೂ ಮಂಗಳೂರಿನವರು ಮಂಗಳೂರಿನಲ್ಲೇ ಹೂಡಬಹುದು. ನೀವು ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಕಾಲಮಿತಿ 2 ವರ್ಷ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ಶುಲ್ಕ ಮರಳಿಸುವಷ್ಟರ ಮಟ್ಟಿನ ಜಗಳಗಳು ಅಲ್ಲೇ ಬಗೆಹರಿಯುವುದುಂಟು. ಆಸ್ಪತ್ರೆ ಸೇವೆಯ ವ್ಯಾಜ್ಯಗಳನ್ನು ಖಾಯಂ ಲೋಕ ಅದಾಲತ್ತಿಗೂ ಒಯ್ಯಬಹುದು.

ಹಾರಾಟ ಭತ್ಯೆ ಕೈತಪ್ಪಿತೆಂದು ಪರಿಹಾರ ಕೇಳುವವರು ಹಿಂದಿನ ತಿಂಗಳುಗಳ ವೇತನ ಚೀಟಿ, ರದ್ದಾದ ರೋಸ್ಟರ್, ಸಂಸ್ಥೆಯ ಪತ್ರ ಲಗತ್ತಿಸಬೇಕು. ಬರೀ ಅಂದಾಜಿನ ಅಂಕಿ ನಿಲ್ಲುವುದಿಲ್ಲ.

ಸರ್ಕಾರಿ ಕೇಂದ್ರ ಅಥವಾ ಪೋರ್ಟಲ್ ತಪ್ಪಾದರೆ

ಡಿಜಿಸಿಎ ಸೇವೆಗಳು 2021ರಲ್ಲಿ ಬಂದ ಇಜಿಸಿಎ ಪೋರ್ಟಲಿಗೆ ಸೇರಿವೆ. ಅಲ್ಲಿಯ ದಾಖಲೆ ತಪ್ಪಿದ್ದರೆ ಮೊದಲು ಅದೇ ಪೋರ್ಟಲ್ ಮತ್ತು ಡಿಜಿಸಿಎ ವೈದ್ಯಕೀಯ ವಿಭಾಗಕ್ಕೆ ಬರೆಯಿರಿ. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ದೂರು ದಾಖಲಿಸಿ. 2024ರ ಮಾರ್ಗಸೂಚಿಯ ಪ್ರಕಾರ ದೂರು ಇತ್ಯರ್ಥಕ್ಕೆ 21 ದಿನದ ಮಿತಿಯಿದೆ.

ನಿಮ್ಮ ಹೆಸರು ಯಾವ ದಿನಕ್ಕೆ, ಯಾವಾಗ ದಾಖಲಾಯಿತು, ಯಾವಾಗ ಬದಲಾಯಿತು ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಕೇಳಬಹುದು. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಸಲ್ಲಿಸುವ ಅರ್ಜಿ ಕನ್ನಡದಲ್ಲೇ ಇರಬಹುದು. 6ನೇ ಕಲಮು ಆಯಾ ಪ್ರದೇಶದ ಅಧಿಕೃತ ಭಾಷೆಗೆ ಜಾಗ ಕೊಟ್ಟಿದೆ. "ಏಕೆ ತಪ್ಪಾಯಿತು?" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಅರ್ಜಿ ತಳ್ಳಿಬಿಡಬಹುದು. "ನನ್ನ ಅಪಾಯಿಂಟ್‌ಮೆಂಟಿಗೆ ಸಂಬಂಧಿಸಿದ ನಮೂದುಗಳ ಮತ್ತು ಬದಲಾವಣೆಗಳ ಪ್ರತಿ ಕೊಡಿ" ಎಂದು ಕೇಳಿ. ಉತ್ತರಕ್ಕೆ 30 ದಿನ, ಆಮೇಲೆ ಮೊದಲ ಮೇಲ್ಮನವಿಗೆ 30 ದಿನ. ಆದ್ದರಿಂದ ಇದು ಸಾಕ್ಷಿ ಕೂಡಿಸುವ ದಾರಿಯೇ ಹೊರತು ನಾಳೆಗೆ ಸ್ಲಾಟ್ ಕೊಡಿಸುವ ದಾರಿಯಲ್ಲ.

ಲಿಖಿತ ಮನವಿಗಳಿಗೆ ಯಾವ ಉತ್ತರವೂ ಬಾರದೆ ಜೀವನೋಪಾಯವೇ ನಿಂತಾಗ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಸಲ್ಲಿಸಬಹುದು. ನ್ಯಾಯಾಲಯ ನಿಮ್ಮನ್ನು ಫಿಟ್ ಎಂದು ಘೋಷಿಸುವುದಿಲ್ಲ. ಇಷ್ಟು ದಿನದೊಳಗೆ ಮನವಿ ಪರಿಗಣಿಸಿ ಎಂದು ಪ್ರಾಧಿಕಾರಕ್ಕೆ ನಿರ್ದೇಶನ ಕೊಡಬಹುದು. ವಕೀಲರ ಶುಲ್ಕ ಭಾರವೆನಿಸುವ ತರಬೇತಿ ಪೈಲಟ್‌ಗಳು ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಕರೆ ಮಾಡಲಿ. 1987ರ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು.

ಮುಂದಿನ ಸಲಕ್ಕೆ

ಅವಧಿ ಮುಗಿಯುವುದಕ್ಕೆ ಮುಂಚಿನ 45 ದಿನದೊಳಗೆ ತಪಾಸಣೆ ಮಾಡಿಸಿಕೊಂಡರೆ ಹಳೆಯ ಮುಕ್ತಾಯ ದಿನಾಂಕದಿಂದಲೇ ಹೊಸ ಅವಧಿ ಎಣಿಸುವ ಪದ್ಧತಿಯನ್ನು ಅನೆಕ್ಸ್ 1ರ ಟಿಪ್ಪಣಿ ಪ್ರೋತ್ಸಾಹಿಸುತ್ತದೆ. ಬೇಗ ಹೋದರೆ ದಿನ ಕಳೆದುಕೊಳ್ಳುತ್ತೇನೆಂದು ಕೊನೆಯ ವಾರದವರೆಗೆ ಕಾಯುವವರು ಇದನ್ನು ಗಮನಿಸಬೇಕು. ತಪಾಸಣೆ ಮುಗಿದ ಮೇಲೆ ಕೈಗೆ ಬರುವ ಅಸೆಸ್‌ಮೆಂಟಿನಲ್ಲಿ, ಪೈಲಟ್‌ಗಳು ಸಿಎ-35 ಎಂದು ಕರೆಯುವ ಆ ಕಾಗದದಲ್ಲಿ, ಹೆಸರು, ಜನ್ಮದಿನಾಂಕ, ಕಡತದ ಸಂಖ್ಯೆ, ತಪಾಸಣೆಯ ದಿನ, ಮುಕ್ತಾಯದ ದಿನ ಇವನ್ನು ಅಲ್ಲೇ ಓದಿ ನೋಡಿ. ತಪ್ಪಿದ್ದರೆ ವೈದ್ಯರ ಕೊಠಡಿಯಿಂದ ಹೊರಬರುವ ಮುನ್ನವೇ ತಿದ್ದಿಸಿ.

ಫೋನಿನಲ್ಲಿ ದಿನ ಗೊತ್ತುಮಾಡಿದರೆ ಅಂದೇ ಒಂದು ಸಾಲಿನ ಇಮೇಲ್ ಕಳುಹಿಸಿ: "ಜೂನ್ ತಿಂಗಳ 24, ಬುಧವಾರ, ಬೆಳಿಗ್ಗೆ 8 ಗಂಟೆ. ಸರಿಯೇ?" ತಿಂಗಳು ತಪ್ಪಿದರೆ ಸಾಮಾನ್ಯವಾಗಿ ವಾರ ಹೊಂದುವುದಿಲ್ಲ; ಎಡವಟ್ಟು ಆ ಕ್ಷಣಕ್ಕೇ ಸಿಕ್ಕಿಬೀಳುತ್ತದೆ. ಅವರು "ಹೌದು" ಎಂದು ಉತ್ತರಿಸಿದರೆ, ಮುಂದೆ ದಿನಾಂಕ ಅದಲುಬದಲಾದರೂ ತಪ್ಪು ಯಾರದೆಂಬುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ.